ಪಿನ್ ಇರಲಿ, ಇಲ್ಲಾ ಊರಿಗೆಲ್ಲ ಒಂದೇ ಕೊಂಡಿ ಇರಲಿ, ನಡುವಿನದು ಬೇಡ

ನಮ್ಮ ಸುತ್ತಿನ ಹಳ್ಳಿಗಳಲ್ಲಿ ಸಣ್ಣ ಟ್ರ್ಯಾಕ್ಟರಿಗೆ ಮುಂದೆ ಲೋಡರ್ ಕೂರಿಸೋರು ಜಾಸ್ತಿ ಆಗ್ತಿದ್ದಾರೆ. ಆಗಲೇಬೇಕು. ತಿಪ್ಪೆ ಗೊಬ್ಬರ ತುಂಬೋಕೆ ಆಳು ಸಿಗಲ್ಲ. ದೊಡ್ಡ ಜೆಸಿಬಿ ತೋಟದೊಳಗೆ ನುಗ್ಗಿದರೆ ಡ್ರಿಪ್ ಪೈಪೂ ಉಳಿಯಲ್ಲ, ಅಡಿಕೆ ಬೇರೂ ಉಳಿಯಲ್ಲ. ಹಾಗಾಗಿ ಲೋಡರ್ ತಗೋಬೇಡಿ ಅಂತ ಹೇಳೋಕೆ ಇದನ್ನ ಬರೀತಿಲ್ಲ. ತಗೊಳ್ಳೋ ರೀತಿ ಸರಿಯಿಲ್ಲ ಅಂತ ಬರೀತಿದೀನಿ.

ಲೋಡರ್ ಮಾಡಿಸೋಕೆ ಹೋದೋರು ಕೇಳೋ ಪ್ರಶ್ನೆ ಎರಡೇ. ಎಷ್ಟು ಕೆಜಿ ಎತ್ತುತ್ತೆ? ರೇಟು ಎಷ್ಟು? ಮೂರನೇ ಪ್ರಶ್ನೆ ಯಾರೂ ಕೇಳಲ್ಲ: ಬಕೆಟ್ ಬಿಚ್ಚಿ ಬೇರೆ ಸಾಮಾನು ಹಾಕೋ ಕೊಂಡಿ ಯಾವ ಅಳತೆದು? ವರ್ಕ್‌ಶಾಪಿನವರು "ಕ್ವಿಕ್ ಅಟ್ಯಾಚ್ ಇದೆ ಅಣ್ಣ, ಎರಡು ನಿಮಿಷದಲ್ಲಿ ಬಿಚ್ಚಬಹುದು" ಅಂತಾರೆ. ನಾವು ತಲೆ ಆಡಿಸಿ ಅಡ್ವಾನ್ಸ್ ಕೊಟ್ಟು ಬರ್ತೀವಿ. ಬಿಚ್ಚೋದು ಎರಡು ನಿಮಿಷ ನಿಜ. ಬಿಚ್ಚಿದ ಮೇಲೆ ಅಲ್ಲಿಗೆ ಏನು ಹಾಕ್ತೀರಿ? ಅವರ ಹತ್ರನೇ ಮಾಡಿಸಿದ ಸಾಮಾನು ಮಾತ್ರ ಹಾಕಬೇಕು. ಬೇರೆ ಯಾರದ್ದೂ ಕೂರಲ್ಲ.

ನನ್ನ ಮಾತು ಇಷ್ಟು. ಮುಂದಿನ ಲೋಡರಿಗೆ ಸರಿಯಾದ ದಾರಿ ಎರಡೇ ಇರೋದು. ಒಂದು, ಕ್ವಿಕ್ ಅಟ್ಯಾಚೇ ಬೇಡ ಅಂತ ಬಕೆಟ್‌ನ ನೇರ ಪಿನ್ ಹಾಕಿ ಕೂರಿಸೋದು. ಎರಡು, ಕ್ವಿಕ್ ಅಟ್ಯಾಚ್ ಬೇಕು ಅಂದ್ರೆ ಲೋಕವೆಲ್ಲ ಒಪ್ಪಿರೋ ಅಳತೆಯ ಕೊಂಡಿನೇ ಹಾಕಿಸೋದು. ಇವೆರಡರ ನಡುವೆ ವರ್ಕ್‌ಶಾಪಿನವರು ತಾವೇ ಕಂಡುಹಿಡಿದು ಮಾರೋ "ಸ್ಪೆಷಲ್ ಕೊಂಡಿ" ಇದೆಯಲ್ಲ, ಅದು ಎರಡರ ಕೆಟ್ಟ ಗುಣಾನೂ ಸೇರಿಸಿಕೊಂಡಿರೋ ಮಾಲು. ಕ್ವಿಕ್ ಅಟ್ಯಾಚಿನ ತೂಕ, ಖರ್ಚು ಎರಡೂ ಅದರಲ್ಲಿದೆ. ಕ್ವಿಕ್ ಅಟ್ಯಾಚಿನ ಸ್ವಾತಂತ್ರ್ಯ ಮಾತ್ರ ಇಲ್ಲ.

ಹಿಂದೆ ಒಂದು ನ್ಯಾಯ, ಮುಂದೆ ಒಂದು ನ್ಯಾಯ

ನಿಮ್ಮ ಟ್ರ್ಯಾಕ್ಟರ್ ಹಿಂದಕ್ಕೆ ಹೋಗಿ ನೋಡಿ. ಕೆಳಗಿನ ಎರಡು ತೋಳಿಗೆ 22 ಎಂಎಂ ಪಿನ್, ಮೇಲಿನ ಟಾಪ್ ಲಿಂಕಿಗೆ 19 ಎಂಎಂ ಪಿನ್. ಪಿಟಿಒ ಶಾಫ್ಟ್ 35 ಎಂಎಂ, ಆರು ಹಲ್ಲು, 540 ಸುತ್ತು. ಇದಕ್ಕೆ ಕೆಟಗರಿ 1 ಅಂತಾರೆ. ಇನ್ನೂ ಸಣ್ಣ ಟ್ರ್ಯಾಕ್ಟರಿಗೆ ಅದೇ ಪಿನ್, ತೋಳುಗಳ ನಡುವಿನ ಅಂತರ ಮಾತ್ರ ಕಮ್ಮಿ, ಅದು 1ಎನ್. ಮಹೀಂದ್ರ ಇರಲಿ, ಕುಬೋಟ ಇರಲಿ, ಸ್ವರಾಜ್ ಇರಲಿ, ಕೆಟಗರಿ ಒಂದೇ ಆದ್ರೆ ಪಕ್ಕದ ಮನೆಯವರ ರೋಟವೇಟರ್ ತಂದು ಹಾಕಬಹುದು. ಹೋಬಳಿಯ ಕೃಷಿ ಯಂತ್ರಧಾರೆ ಕೇಂದ್ರದಿಂದ ಬಾಡಿಗೆಗೆ ನೇಗಿಲೋ ಕಲ್ಟಿವೇಟರೋ ತರ್ತೀವಲ್ಲ, ನಮ್ಮ ಟ್ರ್ಯಾಕ್ಟರಿಗೆ ಕೂರುತ್ತೋ ಇಲ್ವೋ ಅಂತ ಹೆದರಿಕೊಂಡು ಹೋಗ್ತೀವಾ? ಇಲ್ಲ. ಅಳತೆ ಒಂದೇ ಇರೋದ್ರಿಂದ.

ಇದು ಆಕಾಶದಿಂದ ಬಿದ್ದಿದ್ದಲ್ಲ. ಐರ್ಲೆಂಡಿನ ಹ್ಯಾರಿ ಫರ್ಗುಸನ್ ಅನ್ನೋರು ವರ್ಷಗಟ್ಟಲೆ ತಲೆ ಕೆಡಿಸಿಕೊಂಡು ಮಾಡಿದ ಮೂರು ಬಿಂದುವಿನ ಲಿಂಕೇಜ್ ಅದು. ನಾವು ಮ್ಯಾಸ್ಸಿ ಅಂತ ಕರೆಯೋ ಟ್ರ್ಯಾಕ್ಟರಿನ ಹೆಸರಲ್ಲಿರೋ ಫರ್ಗುಸನ್ ಇವರೇ. 1939ರಲ್ಲಿ ಅವರ ಲಿಂಕೇಜ್ ಇದ್ದ ಫೋರ್ಡ್ 9ಎನ್ ಟ್ರ್ಯಾಕ್ಟರ್ ಬಂತು. ಆಮೇಲೆ ಫೋರ್ಡ್ ಕಂಪನಿ ಜೊತೆ ಜಗಳ ಆಗಿ ಕೋರ್ಟ್ ಮೆಟ್ಟಿಲು ಹತ್ತಿದರು. 1952ರಲ್ಲಿ ಫೋರ್ಡ್ ಕಂಪನಿ 92.5 ಲಕ್ಷ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಪೇಟೆಂಟ್ ಕಾಲ ಮುಗಿದ ಮೇಲೆ ಎಲ್ಲಾ ಕಂಪನಿಗಳೂ ಅದನ್ನೇ ಹಾಕಿದವು. ಒಬ್ಬ ಮನುಷ್ಯನ ಆಸ್ತಿ ಎಲ್ಲಾ ರೈತರ ಆಸ್ತಿ ಆಯ್ತು. ಅದರ ಲಾಭ ಇವತ್ತಿಗೂ ನಾವು ಉಣ್ತಿದೀವಿ.

ಅದಕ್ಕಿಂತ ಹಿಂದಿನದು ಬೇಕಾ? ನಮ್ಮ ಊರಿನ ಬಡಗಿ ಮಾಡ್ತಿದ್ದ ನೊಗ ನೆನಪಿಸಿಕೊಳ್ಳಿ. ನನ್ನ ನೊಗಕ್ಕೆ ನಿಮ್ಮ ಕುಂಟೆ ಕಟ್ಟಬಹುದಿತ್ತು, ನಿಮ್ಮ ಎತ್ತಿಗೆ ನನ್ನ ಕೂರಿಗೆ ಹೂಡಬಹುದಿತ್ತು. ಒಂದು ಮಿಣಿ ಇದ್ರೆ ಆಯ್ತು. ಮುಯ್ಯಾಳು ಪದ್ಧತಿ ನಡೀತಿದ್ದಿದ್ದೇ ಅದರ ಮೇಲೆ. ನಿಮ್ಮ ಸಾಮಾನು ನನ್ನ ಎತ್ತಿಗೆ ಹೊಂದಲ್ಲ ಅಂದಿದ್ರೆ ಮುಯ್ಯಿ ಎಲ್ಲಿಂದ ಬರ್ತಿತ್ತು?

ಈಗ ಟ್ರ್ಯಾಕ್ಟರ್ ಮುಂದಕ್ಕೆ ಬನ್ನಿ. ನಮ್ಮ ಊರಲ್ಲಿ ಮೂರು ಲೋಡರ್ ಇದಾವೆ. ಮೂರಕ್ಕೂ ಮೂರು ಥರ ಕೊಂಡಿ. ಒಂದರಲ್ಲಿ ಮೇಲೆ ಎರಡು ಕೊಕ್ಕೆ, ಕೆಳಗೆ ಒಂದು ಅಡ್ಡ ರಾಡು. ಇನ್ನೊಂದರಲ್ಲಿ ಪಕ್ಕದಿಂದ ತೂರಿಸೋ ಪಿನ್ನು. ಮೂರನೇದರಲ್ಲಿ ಪ್ಲೇಟು, ಆದ್ರೆ ಅದರ ಅಳತೆ ಮಾಡಿದವರಿಗೆ ಬಿಟ್ಟು ಬೇರೆಯವರಿಗೆ ಗೊತ್ತಿಲ್ಲ. ಒಬ್ಬರ ಹತ್ರ ಗೊಬ್ಬರ ಎತ್ತೋ ಮುಳ್ಳು ಫೋರ್ಕ್ ಇದೆ. ಅದು ವರ್ಷದಲ್ಲಿ ಹತ್ತು ದಿನ ಕೆಲಸ ಮಾಡಿ 355 ದಿನ ಹುಣಸೆ ಮರದ ಕೆಳಗೆ ತುಕ್ಕು ಹಿಡೀತಾ ಬಿದ್ದಿರುತ್ತೆ. ಉಳಿದಿಬ್ಬರು ಗೊಬ್ಬರದ ಕಾಲಕ್ಕೆ ಆಳು ಹುಡುಕ್ತಾ ಓಡಾಡ್ತಾರೆ. ಪಕ್ಕದ ಹಳ್ಳಿಯಲ್ಲಿ ಇನ್ನೊಬ್ಬರ ಕಥೆ ಇನ್ನೂ ಬೇಜಾರು. ಲೋಡರ್ ಮಾಡಿಕೊಟ್ಟ ವರ್ಕ್‌ಶಾಪೇ ಬಾಗಿಲು ಹಾಕಿದೆ. ಕೊಂಡಿಯ ಒಂದು ಕೊಕ್ಕೆ ಸೀಳಿದೆ, ಅಳತೆ ಕೇಳೋಕೆ ಜನ ಇಲ್ಲ. ಆಕಾರ ನೋಡಿಕೊಂಡು ಗ್ಯಾಸಲ್ಲಿ ಕತ್ತರಿಸಿ ವೆಲ್ಡ್ ಹೊಡೆದು ದಿನ ತಳ್ತಿದಾರೆ.

ಕೊಬ್ಬರಿ ಮಂಡಿಯಲ್ಲಿ ಒಬ್ಬೊಬ್ಬ ವರ್ತಕರು ತಮ್ಮದೇ ಒಂದು ಕೆಜಿ ಕಲ್ಲು ಇಟ್ಟುಕೊಂಡ್ರೆ ನಾವು ಸುಮ್ಮನಿರ್ತೀವಾ? ಗಲಾಟೆ ಮಾಡ್ತೀವಿ. ಇಲ್ಲಿ ಯಾಕೆ ಸುಮ್ಮನಿದೀವಿ?

ಕೊಂಡಿಗಳಲ್ಲಿ ಎಷ್ಟು ಥರ

ಮೊದಲನೇದು ಪಿನ್. ಲೋಡರ್ ತೋಳಿನ ತುದಿಗೆ ಎರಡು ಪಿನ್, ಬಕೆಟ್ ತಿರುಗಿಸೋ ಸಿಲಿಂಡರಿಗೆ ಎರಡು ಪಿನ್. ಬಕೆಟ್ ನೇರವಾಗಿ ತೋಳಿಗೆ ಅಂಟಿಕೊಂಡಿರುತ್ತೆ. ಬಿಚ್ಚೋಕೆ ಸುತ್ತಿಗೆ ಬೇಕು, ಎರಡನೇ ಆಳು ಬೇಕು, ತೂತಿಗೆ ತೂತು ಸೇರಿಸೋ ತಾಳ್ಮೆ ಬೇಕು. ಆದ್ರೆ ಹಗುರ, ಅಗ್ಗ, ಗಟ್ಟಿ.

ಎರಡನೇದು ಸ್ಕಿಡ್ ಸ್ಟೀರ್ ಪ್ಲೇಟು. ಗೋಡೌನು, ಕಟ್ಟಡ ಕೆಲಸದಲ್ಲಿ ನಿಂತಲ್ಲೇ ತಿರುಗೋ ಸಣ್ಣ ಗಾಡಿ ನೋಡಿರ್ತೀರಿ, ಜನ ಬಾಬ್‌ಕ್ಯಾಟ್ ಅಂತಾರೆ. ಆ ಜಾತಿ ಗಾಡಿ ಹುಟ್ಟಿದ್ದೇ ರೈತನ ಕೆಲಸಕ್ಕೆ. 1957ರಲ್ಲಿ ಅಮೆರಿಕದ ಮಿನ್ನೆಸೋಟದಲ್ಲಿ ಕೆಲ್ಲರ್ ಅಣ್ಣತಮ್ಮಂದಿರು ಟರ್ಕಿ ಕೋಳಿ ಶೆಡ್ಡಿನ ಗೊಬ್ಬರ ತೆಗೆಯೋಕೆ ಅಂತ ಅದರ ಮೊದಲ ರೂಪ ಮಾಡಿದ್ದು. ಇವತ್ತು ಆ ಗಾಡಿಗಳ ಕೊಂಡಿಗೆ ಐಎಸ್‌ಒ 24410 ಅಂತ ಅಂತಾರಾಷ್ಟ್ರೀಯ ಅಳತೆ ಇದೆ. ಅಮೆರಿಕದಲ್ಲಿ ಸಣ್ಣ ಟ್ರ್ಯಾಕ್ಟರ್ ಲೋಡರುಗಳಿಗೂ ಹೆಚ್ಚಾಗಿ ಇದನ್ನೇ ಹಾಕ್ತಾರೆ. ಕೆಲಸ ಮಾಡೋದು ಹೀಗೆ: ಟ್ರ್ಯಾಕ್ಟರ್ ಕಡೆಯ ಪ್ಲೇಟಿನ ಮೇಲಂಚು ಬಕೆಟ್ ಬೆನ್ನಿನ ತುಟಿಯೊಳಗೆ ಹೋಗಿ ಸಿಕ್ಕಿಕೊಳ್ಳುತ್ತೆ. ಬಕೆಟ್ ಹಿಂದಕ್ಕೆ ಮಡಿಸಿ ಎರಡು ಲಿವರ್ ಒತ್ತಿದರೆ ಎರಡು ಬೆಣೆ ಪಿನ್ ಕೆಳಗಿನ ಸೀಳಿಗೆ ಇಳಿಯುತ್ತೆ. ಬೆಣೆ ಆಗಿರೋದ್ರಿಂದ ಸ್ವಲ್ಪ ಸವೆದರೂ ಗಟ್ಟಿಯಾಗೇ ಕೂರುತ್ತೆ. ಒಬ್ಬನೇ ಮಾಡೋ ಕೆಲಸ.

ಮೂರನೇದು ಯುರೋ ಕೊಂಡಿ. ಯುರೋಪಿನ ಟ್ರ್ಯಾಕ್ಟರ್ ಲೋಡರುಗಳಲ್ಲಿ ಇದೇ ಹೆಚ್ಚು. ಸಾಮಾನಿನ ಬೆನ್ನಲ್ಲಿ ಎರಡು ಕೊಕ್ಕೆ, ಅದು ಲೋಡರಿನ ಅಡ್ಡ ಕೊಳವೆ ಮೇಲೆ ಕೂರುತ್ತೆ, ಕೆಳಗೆ ಎರಡು ಪಿನ್ ಲಾಕ್. ಒಳ್ಳೇ ಕೊಂಡಿನೇ. ಆದ್ರೆ ನಮ್ಮ ಕಡೆ ಕಣ್ಣಿಗೆ ಬೀಳೋದು ಸ್ಕಿಡ್ ಸ್ಟೀರ್ ಗಾಡಿಗಳು. ಮಾದರಿ ನೋಡೋಕೆ, ಅಳತೆ ತಗೊಳ್ಳೋಕೆ, ಹಳೇ ಸಾಮಾನು ಹುಡುಕೋಕೆ ಅದೇ ಅನುಕೂಲ. ಜೊತೆಗೆ ಅದರ ಬೆನ್ನು ಬರೀ ಪ್ಲೇಟು. ಅಚ್ಚು ಇದ್ರೆ ಯಾವ ಒಳ್ಳೇ ವೆಲ್ಡರ್ ಬೇಕಾದ್ರೂ ಮಾಡಬಹುದು. ಅದಕ್ಕೇ ನನ್ನ ಓಟು ಅದಕ್ಕೆ.

ನಾಲ್ಕನೇದು ಸ್ವಂತ ಕೊಂಡಿ. ಇದು ಸಣ್ಣ ವರ್ಕ್‌ಶಾಪಿನವರ ರೋಗ ಮಾತ್ರ ಅಲ್ಲ. ಜಾನ್ ಡಿಯರ್ ಅಂಥ ದೊಡ್ಡ ಕಂಪನಿನೂ ತನ್ನ ಸಣ್ಣ ಲೋಡರುಗಳಿಗೆ ತನ್ನದೇ ಕೊಂಡಿ ಇಟ್ಟುಕೊಂಡಿದೆ. ಅಮೆರಿಕದಲ್ಲಿ ಅದಕ್ಕೆ ಸ್ಕಿಡ್ ಸ್ಟೀರ್ ಸಾಮಾನು ಕೂರಿಸೋಕೆ ನಡುವೆ ಹಾಕೋ ಅಡಾಪ್ಟರ್ ಮಾರೋರೇ ಬೇರೆ ಇದಾರೆ. ಅಂದ್ರೆ ಕೊಂಡಿಗೆ ಒಂದು ದುಡ್ಡು, ಆ ಕೊಂಡಿಯಿಂದ ತಪ್ಪಿಸಿಕೊಳ್ಳೋಕೆ ಇನ್ನೊಂದು ದುಡ್ಡು. ಆದ್ರೂ ಅಂಥ ಕಂಪನಿಯ ಕೊಂಡಿಗೆ ಬಿಡಿಭಾಗ ಸಿಗುತ್ತೆ, ಡೀಲರ್ ಇರ್ತಾರೆ. ನಮ್ಮ ಸ್ಪೆಷಲ್ ಕೊಂಡಿಗೆ ಅದೂ ಇಲ್ಲ.

ತೂಕದ ಲೆಕ್ಕ ಯಾರೂ ಹೇಳಲ್ಲ

ಸ್ಕಿಡ್ ಸ್ಟೀರ್ ಪ್ಲೇಟೇ ಎಲ್ಲರಿಗೂ ಒಳ್ಳೇದು ಅಂತಲೂ ನಾನು ಹೇಳಲ್ಲ. ಲೆಕ್ಕ ನೋಡಿ. ಉದಾಹರಣೆಗೆ ನಿಮ್ಮ ಲೋಡರ್ ತೋಳಿನ ತುದಿಯಲ್ಲಿ 300 ಕೆಜಿ ಎತ್ತುತ್ತೆ ಅಂತ ಇಟ್ಕೊಳ್ಳಿ. ಬಕೆಟ್ 70 ಕೆಜಿ. ಪಿನ್ ಹಾಕಿದ್ರೆ ಉಳಿದ 230 ಕೆಜಿ ಮಾಲು ಎತ್ತಬಹುದು. ಕೊಂಡಿ ಪ್ಲೇಟು, ಲಿವರು ಎಲ್ಲಾ ಸೇರಿ 40 ಕೆಜಿ ಆದ್ರೆ ಉಳಿಯೋದು 190. ಮೂರು ಟನ್ ಟ್ರೇಲರ್ ತುಂಬೋಕೆ ಪಿನ್ ಬಕೆಟಲ್ಲಿ 13 ಸಲ, ಕೊಂಡಿ ಬಕೆಟಲ್ಲಿ 16 ಸಲ. ಕೆರೆ ಗೋಡು ದಿನಕ್ಕೆ ಹತ್ತು ಟ್ರೇಲರ್ ಹೊಡೆಯೋರಿಗೆ 30 ಸಲ ಜಾಸ್ತಿ. ಡೀಸೆಲ್ ಲೆಕ್ಕ ನೀವೇ ಹಾಕ್ಕೊಳ್ಳಿ.

ಇನ್ನೊಂದಿದೆ. ಕೊಂಡಿ ಪ್ಲೇಟು ಬಕೆಟ್‌ನ ಮುಂದಕ್ಕೆ ತಳ್ಳುತ್ತೆ. ಪಿನ್ನಿಂದ ಬಕೆಟ್ ಬಾಯಿಗೆ 24 ಇಂಚು ಇದ್ದದ್ದು ನಾಲ್ಕು ಇಂಚು ಮುಂದೆ ಹೋದ್ರೆ 28 ಆಯ್ತು. ಮಣ್ಣಿಗೆ ಬಾಯಿ ಹಾಕಿ ಮೀಟೋ ಶಕ್ತಿಯಲ್ಲಿ ಏಳನೇ ಒಂದು ಪಾಲು ಹೋಯ್ತು. ಹಾರೆ ಹಾಕಿ ಕಲ್ಲು ಮೀಟಿದೋರಿಗೆ ಇದು ಬಿಡಿಸಿ ಹೇಳಬೇಕಾಗಿಲ್ಲ. ಭಾರ ಮುಂದೆ ಹೋದಷ್ಟೂ ಮುಂದಿನ ಆಕ್ಸಲ್ ಮೇಲೆ ಹೊರೆ, ಹಿಂದಿನ ಗಾಲಿ ಹಗುರ. ಹಿಂದೆ ರೋಟವೇಟರನ್ನೋ ಕಾಂಕ್ರೀಟ್ ತುಂಬಿದ ಡ್ರಮ್ಮನ್ನೋ ಕಟ್ಟದೆ ಲೋಡರ್ ಕೆಲಸಕ್ಕೆ ಇಳಿಯಲೇಬಾರದು.

ಅದಕ್ಕೇ ಹೇಳೋದು. ನಿಮ್ಮ ಟ್ರ್ಯಾಕ್ಟರ್ 20 ಎಚ್‌ಪಿ ಒಳಗಿದ್ದು, ವರ್ಷವೆಲ್ಲ ಗೊಬ್ಬರ, ಗೋಡು, ಮಣ್ಣು ಇಷ್ಟೇ ಕೆಲಸ ಅಂದ್ರೆ ಪಿನ್ ಹಾಕಿಸಿ. ಒಂದೇ ಬಕೆಟ್ ಇರೋರಿಗೆ ಕ್ವಿಕ್ ಅಟ್ಯಾಚ್ ಯಾತಕ್ಕೆ? ಏನನ್ನ ಕ್ವಿಕ್ ಆಗಿ ಬದಲಾಯಿಸ್ತೀರಿ? ಅದೇ 27, 30 ಎಚ್‌ಪಿ ಮೇಲಿನ ಫೋರ್ ವೀಲ್ ಡ್ರೈವ್ ಟ್ರ್ಯಾಕ್ಟರ್ ಇದ್ದು, ಬೆಳಿಗ್ಗೆ ಗೊಬ್ಬರ, ಮಧ್ಯಾಹ್ನ ತೆಂಗಿನ ಗರಿ, ಸಾಯಂಕಾಲ ಕೊಬ್ಬರಿ ಮೂಟೆ ಅಂತ ಕೆಲಸ ಇದ್ರೆ ಆ 40 ಕೆಜಿ ಕೊಟ್ಟು ಸ್ವಾತಂತ್ರ್ಯ ತಗೊಳ್ಳೋದು ಲಾಭದ ವ್ಯವಹಾರ. ಸ್ಪೆಷಲ್ ಕೊಂಡಿ ಹಾಕಿಸಿದೋರು 40 ಕೆಜಿನೂ ಕೊಟ್ಟು ಏನೂ ತಗೊಳ್ಳಲ್ಲ. ನನ್ನ ಸಿಟ್ಟು ಇರೋದು ಅಲ್ಲೇ.

ಅವರು ಹೇಳೋ ಮಾತು, ನಾನು ಹೇಳೋ ಉತ್ತರ

"ಆ ಪ್ಲೇಟು ಅಗಲ ಅಣ್ಣ, ಸಣ್ಣ ಟ್ರ್ಯಾಕ್ಟರಿಗೆ ಆಗಲ್ಲ." ಪ್ಲೇಟು ಹತ್ತತ್ರ 45 ಇಂಚು ಅಗಲ ನಿಜ. ಆದ್ರೆ ಬಕೆಟ್ ಯಾವತ್ತೂ ಟ್ರ್ಯಾಕ್ಟರ್ ಗಾಲಿಯ ಹೊರ ಅಂಚಿಗಿಂತ ಅಗಲ ಇರಬೇಕು, ಇಲ್ಲಾಂದ್ರೆ ತುಂಬೋ ರಾಶಿ ಮೇಲೇ ಗಾಲಿ ಹತ್ತುತ್ತೆ. 40 ಇಂಚಿನ ಟ್ರ್ಯಾಕ್ಟರಿಗೂ 45, 48 ಇಂಚಿನ ಬಕೆಟ್ ಬೇಕೇ ಬೇಕು. ಒಂಬತ್ತು ಅಡಿ ಅಡಿಕೆ ಸಾಲಲ್ಲಿ ನಾಲ್ಕು ಅಡಿ ಬಕೆಟ್ ಹೋಗಲ್ವಾ? ಅಗಲ ನೆಪ. ತೂಕ ನಿಜವಾದ ವಿಷಯ, ಅದನ್ನ ಮೇಲೆ ಹೇಳಿದೀನಿ.

"ನಮ್ಮದು ಅದಕ್ಕಿಂತ ಗಟ್ಟಿ." ಇರಬಹುದು. ಗಟ್ಟಿ ಇದ್ರೆ ಅದೇ ಗಟ್ಟಿ ಕಬ್ಬಿಣದಲ್ಲಿ ಒಪ್ಪಿದ ಅಳತೆಗೆ ಮಾಡಿಕೊಡಲಿ. ಅಳತೆ ಬದಲಾದ ಮಾತ್ರಕ್ಕೆ ಕಬ್ಬಿಣ ಗಟ್ಟಿ ಆಗಲ್ಲ.

"ಸ್ಕಿಡ್ ಸ್ಟೀರ್ ಸಾಮಾನು ಭಾರ, ನಿಮ್ಮ ಟ್ರ್ಯಾಕ್ಟರ್ ಎತ್ತಲ್ಲ." ಇದು ಅರ್ಧ ನಿಜ. ಆ ಗಾಡಿಗಳಿಗೆ ಮಾಡಿದ ದಪ್ಪ ಬಕೆಟ್ ತಂದು ಹಾಕಿದ್ರೆ ಬಕೆಟ್ ಎತ್ತೋದ್ರಲ್ಲೇ ಅರ್ಧ ಶಕ್ತಿ ಮುಗಿಯುತ್ತೆ. ನಾನು ಹೇಳ್ತಿರೋದು ಅವರ ಬಕೆಟ್ ತನ್ನಿ ಅಂತಲ್ಲ, ಅವರ ಅಳತೆ ತನ್ನಿ ಅಂತ. ಬೆನ್ನಿನ ಅಳತೆ ಅದು, ಬಕೆಟ್ ನಮ್ಮ ಟ್ರ್ಯಾಕ್ಟರಿಗೆ ತಕ್ಕಷ್ಟು ಹಗುರ.

"ಬೇರೆ ಏನು ಬೇಕಾದ್ರೂ ನಮ್ಮ ಹತ್ರನೇ ಬನ್ನಿ, ಮಾಡಿಕೊಡ್ತೀವಿ." ಅಸಲಿ ಮಾತು ಇದೇ. ಹಿಂದೆ ನೋಕಿಯಾ ಚಾರ್ಜರ್ ಸ್ಯಾಮ್ಸಂಗಿಗೆ ಆಗ್ತಿರಲಿಲ್ಲ, ಮನೆ ತುಂಬ ವೈರು. ಈಗ ಒಂದೇ ಪಿನ್ ಬಂದು ಎಲ್ಲರಿಗೂ ನೆಮ್ಮದಿ. ವರ್ಕ್‌ಶಾಪಿನವರ ಮೇಲೆ ನನಗೆ ದ್ವೇಷ ಇಲ್ಲ. ಅವರೂ ಬೆವರು ಸುರಿಸಿ ಬದುಕೋರೇ. ಒಂದೇ ಅಳತೆ ಆದ್ರೆ ಅವರಿಗೂ ನಷ್ಟ ಇಲ್ಲ. ಇವತ್ತು ಅವರು ಮಾಡಿದ ಫೋರ್ಕ್ ಅವರ ಲೋಡರ್ ಇರೋರು ಮಾತ್ರ ಕೊಳ್ತಾರೆ. ನಾಳೆ ತಾಲ್ಲೂಕಿನ ಯಾರು ಬೇಕಾದ್ರೂ ಕೊಳ್ಳಬಹುದು. ಚೆನ್ನಾಗಿ ಮಾಡೋರು ಬೆಳೀತಾರೆ. ಗಿರಾಕಿಯ ಕಾಲಿಗೆ ಹಗ್ಗ ಕಟ್ಟಿಕೊಂಡೇ ವ್ಯಾಪಾರ ಮಾಡಬೇಕು ಅನ್ನೋರಿಗೆ ಮಾತ್ರ ನಷ್ಟ.

ಅಡ್ವಾನ್ಸ್ ಕೊಡೋ ಮುಂಚೆ

1. ಕೊಂಡಿ ಯಾವ ಅಳತೆ ಅಂತ ಬಿಲ್ಲಿನಲ್ಲೇ ಬರೆಸಿ. "ಸ್ಕಿಡ್ ಸ್ಟೀರ್ ಪ್ಲೇಟು, ಐಎಸ್‌ಒ 24410 ಅಳತೆ" ಅಂತ. ಬಾಯಿ ಮಾತು ಬೇಡ.

2. ನೋಡೋಕೆ ಹಾಗೇ ಇರೋದು ಬೇರೆ, ಕೂರೋದು ಬೇರೆ. ಅಸಲಿ ಸ್ಕಿಡ್ ಸ್ಟೀರ್ ಗಾಡಿಯ ಒಂದು ಬಕೆಟ್ ಅದಕ್ಕೆ ಕೂರಿಸಿ ತೋರಿಸಿದ ಮೇಲೆ ಬಾಕಿ ದುಡ್ಡು ಕೊಡ್ತೀನಿ ಅನ್ನಿ.

3. ಎರಡೂ ಲಿವರ್ ಪೂರ್ತಿ ಇಳೀಬೇಕು. ಪ್ಲೇಟನ್ನ ಅಚ್ಚಿಗೆ ಬಿಗಿಯದೆ ವೆಲ್ಡ್ ಹೊಡೆದ್ರೆ ಬಿಸಿಗೆ ಸೊಟ್ಟ ಆಗುತ್ತೆ. ಆಗ ಒಂದು ಕಡೆ ಲಾಕ್ ಬೀಳುತ್ತೆ, ಇನ್ನೊಂದು ಕಡೆ ಅರ್ಧಕ್ಕೇ ನಿಲ್ಲುತ್ತೆ. ಅಂಥದ್ದನ್ನ ಮನೆಗೆ ತರಬೇಡಿ.

4. ಪಿನ್ ಬಕೆಟ್ ಹಾಕಿಸೋರು ಪಿನ್ನಿನ ದಪ್ಪ, ತೂತಿಂದ ತೂತಿಗೆ ಇರೋ ದೂರ ಬರೆದು ಇಟ್ಟುಕೊಳ್ಳಿ. ಮುಂದೆ ಬೇಕು ಅನಿಸಿದ್ರೆ ಅದೇ ತೂತಿಗೆ ಕೊಂಡಿ ಪ್ಲೇಟು ಕೂರಿಸಬಹುದು.

5. ಲೋಡರ್ ಹಾಕಿದ್ರೆ ಟ್ರ್ಯಾಕ್ಟರ್ ವಾರಂಟಿ ಇರುತ್ತಾ ಅಂತ ಡೀಲರ್ ಹತ್ರ ಬರವಣಿಗೆಯಲ್ಲಿ ಕೇಳಿ.

6. ಹಿಡಿಯೋ ದವಡೆ ಇರೋ ಗ್ರ್ಯಾಪಲ್‌ಗೆ ಬೇರೆ ಹೈಡ್ರಾಲಿಕ್ ಲೈನ್ ಬೇಕು. ಮೊದಲ ದಿನವೇ ಅದಕ್ಕೆ ಕೈ ಹಾಕಬೇಡಿ. ಬಕೆಟ್, ಗೊಬ್ಬರದ ಮುಳ್ಳು, ಮೂಟೆ ಎತ್ತೋ ಫೋರ್ಕ್, ಈ ಮೂರು ಸಾಕು. ಫೋರ್ಕ್ ಮೇಲೆ ನಾಲ್ಕು ಮೂಟೆ ಡಿಎಪಿ ಅಂದ್ರೆ 200 ಕೆಜಿ, ಅದೂ ಬಕೆಟ್ಟಿಗಿಂತ ಮುಂದೆ. ಆಸೆ ಬಿದ್ದು ಐದನೇದು ಇಡಬೇಡಿ.

ಬಕೆಟ್ ಕಳಚಿ ಬಿದ್ದರೆ

ಅಳತೆ ಅನ್ನೋದು ಬರೀ ದುಡ್ಡಿನ ವಿಷಯ ಅಲ್ಲ. ಕೊಂಡಿ ಸರಿಯಾಗಿ ಕೂರದೆ ತಲೆ ಮಟ್ಟದಿಂದ ಬಕೆಟ್ ಕಳಚಿದ್ರೆ ಕೆಳಗೆ ನಿಂತೋರು ಉಳಿಯಲ್ಲ. ಯಾವ ಕೊಂಡಿ ಆದ್ರೂ ಈ ಅಭ್ಯಾಸ ಇರಲಿ. ಹಾಕೋ ಮುಂಚೆ ತುಟಿ, ಸೀಳಲ್ಲಿರೋ ಮಣ್ಣು, ಗೊಬ್ಬರ ಕೆರೆದು ತೆಗೀರಿ. ಲಿವರ್ ಇಳಿಸಿದ ಮೇಲೆ ಎರಡೂ ಪಿನ್ ಕೆಳಗಿನ ಸೀಳಿನಿಂದ ಹೊರಗೆ ಬಂದಿರೋದನ್ನ ಕಣ್ಣಲ್ಲಿ ನೋಡಿ. ಆಮೇಲೆ ಬಕೆಟ್ ಬಾಯಿ ಕೆಳಗೆ ಮಾಡಿ ನೆಲಕ್ಕೆ ಒತ್ತಿ, ಮುಂದಿನ ಗಾಲಿ ಸ್ವಲ್ಪ ಹಗುರ ಆಗೋವಷ್ಟು. ಕಳಚೋದಿದ್ರೆ ಅಲ್ಲೇ, ನೆಲದ ಮೇಲೇ ಕಳಚಲಿ. ಪಿನ್ ಬಕೆಟ್ ಇರೋರು ತೂತು ಸೇರಿದೆಯಾ ಅಂತ ಬೆರಳು ತೂರಿಸಿ ನೋಡಬೇಡಿ, ಸಲಾಕೆ ತೂರಿಸಿ. ಎತ್ತಿದ ಬಕೆಟ್ ಕೆಳಗೆ ಮಕ್ಕಳಿರಲಿ ದೊಡ್ಡೋರಿರಲಿ, ಯಾರೂ ಬೇಡ.

ಊರಿಗೊಂದು ಅಚ್ಚು

ಕೊನೇದಾಗಿ, ಇದನ್ನ ಒಬ್ಬೊಬ್ಬರೇ ಮಾಡಿದ್ರೆ ಆಗಲ್ಲ. ನಾಲ್ಕೈದು ಜನ ಸೇರಿ ಒಂದು ಜೊತೆ ಅಚ್ಚು ಪ್ಲೇಟು ಕತ್ತರಿಸಿ ಇಟ್ಟುಕೊಳ್ಳೋಣ. ಒಂದು ಟ್ರ್ಯಾಕ್ಟರ್ ಕಡೆದು, ಒಂದು ಸಾಮಾನಿನ ಕಡೆದು. ಡ್ರಾಯಿಂಗ್ ಪ್ರಕಾರ ಲೇಸರ್ ಕಟಿಂಗಲ್ಲಿ ಕತ್ತರಿಸಿದ್ರೆ ಕೂದಲೆಳೆ ವ್ಯತ್ಯಾಸ ಬರಲ್ಲ. ಅದು ಹಾಲಿನ ಡೈರಿ ಕಟ್ಟಡದಲ್ಲಿ ಗೋಡೆಗೆ ಒರಗಿಕೊಂಡಿರಲಿ. ಯಾರು ಲೋಡರ್ ಮಾಡಿಸೋಕೆ ಹೋದ್ರೂ ಅದನ್ನ ಟ್ರೇಲರಲ್ಲಿ ಹಾಕ್ಕೊಂಡು ಹೋಗಲಿ. ಇದಕ್ಕೆ ಕೂರೋ ಹಾಗೆ ಮಾಡಿಕೊಡಿ, ಕೂರದಿದ್ರೆ ದುಡ್ಡಿಲ್ಲ ಅನ್ನಲಿ. ಒಬ್ಬರು ಕೇಳಿದ್ರೆ ವರ್ಕ್‌ಶಾಪಿನವರು ನಗ್ತಾರೆ. ಹತ್ತು ಜನ ಕೇಳಿದ್ರೆ ಅವರೇ ಒಂದು ಅಚ್ಚು ಮಾಡಿ ಇಟ್ಟುಕೊಳ್ತಾರೆ.

ಆಗ ಒಬ್ಬರು ಗೊಬ್ಬರದ ಮುಳ್ಳು ಮಾಡಿಸಲಿ, ಒಬ್ಬರು ಮೂಟೆ ಫೋರ್ಕ್ ಮಾಡಿಸಲಿ, ಇನ್ನೊಬ್ಬರು ಗರಿ ಗುಡ್ಡೆ ಹಾಕೋ ಬಾಚಣಿಗೆ ಮಾಡಿಸಲಿ. ಐದು ಮನೆಗೆ ಮೂರು ಸಾಮಾನು ಸಾಕು. ಈಗ ಐದು ಮನೆಯವರೂ ಮೂರು ಮೂರು ಮಾಡಿಸಬೇಕು, ಇಲ್ಲಾ ಇಲ್ಲದೇ ಇರಬೇಕು. ಎರಡು ಮೂರು ಎಕರೆಯವರು ನಾವು. ಎಲ್ಲವನ್ನೂ ಒಬ್ಬೊಬ್ಬರೇ ಇಟ್ಟುಕೊಳ್ಳೋ ಶಕ್ತಿ ನಮ್ಮಲ್ಲಿ ಯಾರಿಗಿದೆ? ಒಬ್ಬರದ್ದು ಒಬ್ಬರು ಬಳಸಿದ್ರೆ ಮಾತ್ರ ಈ ಯಂತ್ರಗಳು ನಮಗೆ ದಕ್ಕೋದು.

ಈ ಬೇಸಿಗೆಗೆ ಲೋಡರ್ ಮಾಡಿಸೋರು ಯಾರ್ಯಾರು ಇದೀರೋ, ಅಡ್ವಾನ್ಸ್ ಕೊಡೋ ಮುಂಚೆ ಒಂದು ಸಲ ಕೂತು ಮಾತಾಡೋಣ. ಟೇಪು ನಾನು ತರ್ತೀನಿ.